ಮರದ ಮೈಯ ಅಣಬೆ: ಗುರುತು ಹಿಡಿಯುವುದು ಹೇಗೆ?



ಆಟಿ ಕಳೆದು ಸೋಣ ತಿಂಗಳು ಬರುವ ಹೊತ್ತಿಗೆ ನಮ್ಮ ತೋಟ ಗುಡ್ಡೆಗಳ ಮರಗಳಲ್ಲಿ ಅಣಬೆಗಳು ಏಳುತ್ತವೆ. ನೆಲದಿಂದ ಎದ್ದು ಪದಾರ್ಥಕ್ಕೆ ಒದಗುವ ಅಣಬೆಯ ಮಾತಲ್ಲ ಇದು. ಮರದ ಬುಡದಲ್ಲೋ ಕಾಂಡದಲ್ಲೋ ಹಿಂದೆ ಕಡಿದ ಗೆಲ್ಲಿನ ತುದಿಯಲ್ಲೋ ತಟ್ಟೆಯಂತೆ, ಕಿವಿಯಂತೆ, ದನದ ಗೊರಸಿನಂತೆ ಅಂಟಿಕೊಂಡು ಬೆಳೆಯುವ ಗಟ್ಟಿ ಅಣಬೆಯ ವಿಷಯ. ಬೇಯಿಸಿದರೂ ಹಲ್ಲಿಗೆ ಸಿಕ್ಕದ ಇದನ್ನು ಯಾರೂ ಗಮನಿಸುವುದಿಲ್ಲ. ಗಮನಿಸಬೇಕು.

ಈ ತಿಂಗಳು ಇದನ್ನೇ ಆರಿಸಲು ಒಂದು ಕಾರಣವಿದೆ. ಇಗರ್ಜಿಯ ಆವರಣದ ಹಳೆಯ ಹಲಸಿನ ಮರವನ್ನು ಕಡಿಸಬೇಕು, ಗಂಟೆಗೋಪುರದ ಬದಿಯ ಕಾಟು ಮಾವಿನ ಮರವನ್ನು ಉಳಿಸಿಕೊಳ್ಳಬಹುದು ಎಂದು ನಾವು ಪಾಲನಾ ಮಂಡಳಿಯಲ್ಲಿ ಹೇಳಿದ್ದೇವೆ. ಕೆಲವು ಹಿರಿಯರಿಗೆ ಇದರಿಂದ ಬೇಸರವಾಗಿದೆ. ಹಲಸನ್ನು ನೆಟ್ಟವರು ಅವರ ಅಜ್ಜಂದಿರು. ಎರಡು ಮರದಲ್ಲೂ ಅಣಬೆ ಇದೆ, ಹಾಗಿರುವಾಗ ಒಂದಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ನ್ಯಾಯ ಏಕೆ ಎಂದು ಒಬ್ಬ ವಾಳೆಯ ಗುರಿಕಾರರು ಸಭೆಯಲ್ಲೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡುವ ಮೊದಲು ಅಣಬೆ ಮರದಲ್ಲಿ ಏನು ಮಾಡುತ್ತದೆ ಎಂದು ತಿಳಿಯಬೇಕು.

ನಮ್ಮ ಕಣ್ಣಿಗೆ ಕಾಣುವುದು ಅಣಬೆಯ ಹಣ್ಣು ಮಾತ್ರ. ಅದರ ನಿಜವಾದ ದೇಹ ಮರದ ಒಳಗಿದೆ. ಜೇಡನ ಬಲೆಯಂತೆ ಸಪೂರವಾದ ನೂಲುಗಳು ಮುರಿದ ಗೆಲ್ಲಿನಿಂದ, ಕತ್ತರಿಸಿದ ಬೇರಿನಿಂದ, ಬೆಂಕಿ ತಗಲಿದ ತೊಗಟೆಯಿಂದ ಒಳಗೆ ಹೊಕ್ಕು ವರ್ಷಗಟ್ಟಲೆ ಮರವನ್ನು ತಿನ್ನುತ್ತವೆ. ಸಾಕಷ್ಟು ಬಲ ಕೂಡಿದ ಮೇಲೆ, ಬೀಜದ ಧೂಳನ್ನು ಗಾಳಿಗೆ ಬಿಡುವುದಕ್ಕಾಗಿ ಹೊರಗೆ ತಟ್ಟೆ ಕಟ್ಟುತ್ತವೆ. ಆದುದರಿಂದ ತಟ್ಟೆ ಕಂಡಿತೆಂದರೆ ರೋಗ ಈಗ ಶುರುವಾಯಿತೆಂದು ಅರ್ಥವಲ್ಲ, ಬಹಳ ಹಿಂದೆಯೇ ಶುರುವಾಗಿದೆ ಎಂದು ಅರ್ಥ. ಕತ್ತಿಯಿಂದ ಕೆರೆದು ತೆಗೆದರೆ ವಾಸಿಯಾಗುವುದೂ ಇಲ್ಲ. ಹಲಸಿನ ಹಣ್ಣು ಕೊಯ್ದರೆ ಹಲಸಿನ ಮರ ಸಾಯುತ್ತದೆಯೇ?

ಮರದ ಬಲವೆಲ್ಲ ಮುಖ್ಯವಾಗಿ ಎರಡು ವಸ್ತುಗಳಲ್ಲಿದೆ. ಸೆಲ್ಯುಲೋಸ್ ಎಂಬ ನಾರು, ಆ ನಾರುಗಳನ್ನು ಬಿಗಿಯಾಗಿ ಹಿಡಿದಿಡುವ ಲಿಗ್ನಿನ್ ಎಂಬ ಅಂಟು. ಕಾಂಕ್ರೀಟಿನಲ್ಲಿ ಕಬ್ಬಿಣದ ಸಲಾಕೆಯೂ ಸಿಮೆಂಟೂ ಇದ್ದ ಹಾಗೆ. ಲಿಗ್ನಿನ್ನನ್ನು ಕರಗಿಸಬಲ್ಲ ಜೀವಿಗಳು ಲೋಕದಲ್ಲಿ ಬಹಳ ಕಡಿಮೆ, ಅವುಗಳಲ್ಲಿ ಈ ಅಣಬೆಗಳೇ ಪ್ರಧಾನ. ಅವು ಎರಡನ್ನೂ ತಿಂದಾಗ ಮರ ಬಿಳಿಚಿಕೊಂಡು ಒದ್ದೆ ನಾರಿನಂತಾಗುತ್ತದೆ. ಇದಕ್ಕೆ ಬಿಳಿ ಕೊಳೆ ಎನ್ನೋಣ. ಇನ್ನು ಕೆಲವು ಜಾತಿಗಳು ನಾರನ್ನಷ್ಟೇ ತಿಂದು ಅಂಟನ್ನು ಬಿಡುತ್ತವೆ. ಆಗ ಮರ ಕಂದುಬಣ್ಣಕ್ಕೆ ತಿರುಗಿ, ಚೌಕ ಚೌಕವಾಗಿ ಬಿರಿದು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ನಮ್ಮ ಅಗಲ ಎಲೆಯ ಮರಗಳಾದ ಹಲಸು, ಮಾವು, ಹುಣಸೆ, ಹೊಂಗೆಗಳಲ್ಲಿ ಹೆಚ್ಚಾಗಿ ಕಾಣುವುದು ಬಿಳಿ ಕೊಳೆ.

ಇನ್ನು ಗುರುತಿನ ವಿಷಯ. ಮೇಲ್ಮೈಯ ಬಣ್ಣ ನೋಡಿ ಹೆಸರು ಹೇಳಲು ಹೋಗಬೇಡಿ. ಒಂದೇ ಅಣಬೆ ಎಳೆಯದಾಗಿದ್ದಾಗ ಒಂದು ಬಣ್ಣ, ಬಲಿತಾಗ ಒಂದು ಬಣ್ಣ, ಪಾಚಿ ಹಿಡಿದ ಮೇಲೆ ಮತ್ತೊಂದು. ಮೊದಲು ಅಡಿಭಾಗ ನೋಡಿ. ಅಂಗಡಿಯ ಅಣಬೆಯಲ್ಲಿರುವಂತೆ ಹಾಳೆ ಹಾಳೆಯಾಗಿದೆಯೇ, ಅಥವಾ ಸೂಜಿಯಿಂದ ಚುಚ್ಚಿದಂತೆ ಸಣ್ಣ ತೂತುಗಳಿವೆಯೇ? ಹಾಳೆಯಂತೆ ಕಂಡು, ಆ ಹಾಳೆಗಳು ಅಂಚಿನ ಉದ್ದಕ್ಕೂ ಎರಡಾಗಿ ಸೀಳಿದ್ದು, ಮೇಲೆ ಬೂದು ಬಿಳಿಯ ರೋಮವಿರುವ ಬೆರಳುಗುರಿನಷ್ಟಗಲದ ಪುಟ್ಟ ಬೀಸಣಿಗೆಯಾದರೆ ಅದು ಶೈಜೊಫಿಲಮ್. ಸೌದೆಯ ರಾಶಿಯಲ್ಲಿ, ಒಣಗಿದ ಗೆಲ್ಲಿನಲ್ಲಿ ಎಲ್ಲೆಲ್ಲೂ ಸಿಗುತ್ತದೆ, ಅದನ್ನು ಕಂಡು ಗಾಬರಿ ಬೇಡ. ಬಿದ್ದ ಮರದ ಮೇಲೆ ಕಿತ್ತಳೆ ಕೆಂಪಿನ ತೆಳ್ಳಗಿನ ತಟ್ಟೆ ಕಾಣುತ್ತದಲ್ಲ, ಅದು ಪಿಕ್ನೊಪೊರಸ್. ಚರ್ಮದಂತೆ ಬಾಗುವ, ಮೇಲೆ ಬಣ್ಣ ಬಣ್ಣದ ಉಂಗುರಗಳಿರುವ ತೆಳು ತಟ್ಟೆ ಟ್ರಮೀಟಸ್. ಅಡಿಯಲ್ಲಿ ಜೇನುಹಟ್ಟಿಯಂತೆ ದೊಡ್ಡ ಆರುಮೂಲೆಯ ತೂತುಗಳಿದ್ದರೆ ಹೆಕ್ಸಗೋನಿಯ. ಇವೆಲ್ಲ ಬಹುಪಾಲು ಸತ್ತ ಮರವನ್ನೇ ತಿಂದು ಮಣ್ಣು ಮಾಡುವ ಪೌರಕಾರ್ಮಿಕರು. ಇವಿಲ್ಲದಿದ್ದರೆ ನಮ್ಮ ಗುಡ್ಡೆಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ನಿಂತ ಮರದ ಬುಡದಲ್ಲಿ ಕಂಡರೆ ಚಿಂತಿಸಬೇಕಾದ ಕುಲ ಗ್ಯಾನೊಡರ್ಮ. ಹೆಸರನ್ನು ಕಟ್ಟಿರುವುದು ಗ್ರೀಕ್ ಭಾಷೆಯಿಂದ: ಗ್ಯಾನೋಸ್ ಎಂದರೆ ಹೊಳಪು, ಡರ್ಮ ಎಂದರೆ ಚರ್ಮ. ಸೆಮಿನರಿಯಲ್ಲಿ ಗ್ರೀಕ್ ಕಲಿತದ್ದು ಇಂಥ ಕಡೆಯೂ ಉಪಯೋಗಕ್ಕೆ ಬರುತ್ತದೆ. ವಾರ್ನಿಷ್ ಬಳಿದ ಮೇಜಿನಂತೆ ಕೆಂಗಂದು ಹೊಳಪು, ಬೆಳೆಯುತ್ತಿರುವ ಅಂಚಿನಲ್ಲಿ ಬಿಳಿ ಅಥವಾ ಹಳದಿ ಪಟ್ಟಿ, ಅನೇಕ ವೇಳೆ ಬದಿಯಿಂದ ಹೊರಟ ಒಂದು ಗಿಡ್ಡ ತೊಟ್ಟು. ಅಡಿಭಾಗ ಬಿಳಿ ಅಥವಾ ಕೆನೆಬಣ್ಣ. ಅಲ್ಲಿ ಉಗುರಿನಿಂದ ಗೀರಿದರೆ ಗೀರು ಕಂದಾಗುತ್ತದೆ. ಇದೇ ಕುಲದಲ್ಲಿ ಹೊಳಪಿಲ್ಲದ ಜಾತಿಯೂ ಉಂಟು. ಮೇಲ್ಮೈ ಬೂದುಗಂದು, ಏಣು ಏಣಾಗಿ ಒರಟು, ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ. ಅದರ ಬಿಳಿ ಅಡಿಯಲ್ಲಿ ಕಡ್ಡಿಯಿಂದ ಬರೆದ ಅಕ್ಷರ ಕಂದಾಗಿ, ಒಣಗಿದ ಮೇಲೂ ಅಳಿಯದೆ ಉಳಿಯುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದರ ಮೇಲೆ ಚಿತ್ರ ಬರೆಯುವವರೇ ಇದ್ದಾರೆ. ಎರಡಕ್ಕೂ ಸೇರಿದ ಇನ್ನೊಂದು ಗುರುತು ಧೂಳು. ಬಲಿತ ತಟ್ಟೆಯ ಮೇಲೂ ಸುತ್ತಲಿನ ಎಲೆ ಹುಲ್ಲಿನ ಮೇಲೂ ಕೋಕೋ ಪುಡಿ ಎರಚಿದಂತೆ ಕಂದು ಧೂಳು ಕೂತಿರುತ್ತದೆ. ಸಂಶಯವಿದ್ದರೆ ತುಂಡೊಂದನ್ನು ಬಿಳಿ ಕಾಗದದ ಮೇಲೆ ಅಡಿಭಾಗ ಕೆಳಗಾಗಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಕಾಗದದ ಮೇಲೆ ಕಂದು ಪುಡಿ ಬಿದ್ದಿದ್ದರೆ ಗ್ಯಾನೊಡರ್ಮ ಎನ್ನಲು ಬಲವಾದ ಆಧಾರ ಸಿಕ್ಕಿತು.

ಮತ್ತೊಂದು ದೊಡ್ಡ ಕುಲ ಫೆಲ್ಲಿನಸ್. ಇದೂ ಗ್ರೀಕ್ ಮೂಲದ್ದೇ, ಬೆಂಡು ಎಂಬರ್ಥದ ಶಬ್ದದಿಂದ ಬಂದದ್ದು. ಆದರೆ ಕೈಯಲ್ಲಿ ಹಿಡಿದರೆ ಬೆಂಡಿನ ಹಗುರವಿಲ್ಲ, ಕಟ್ಟಿಗೆಯ ಗಟ್ಟಿತನ. ಗೊರಸಿನ ಆಕಾರ, ಮೇಲೆ ಕಪ್ಪಾಗಿ ಬಿರುಕು ಬಿಟ್ಟ ಮೈ, ಕತ್ತಿಯಿಂದ ಸೀಳಿದರೆ ಒಳಗೆ ತುಕ್ಕಿನ ಬಣ್ಣ ಅಥವಾ ಅರಸಿನಗಂದು. ಸೀಳಿದ ಭಾಗದಲ್ಲಿ ತೂತುಗಳ ಪದರದ ಮೇಲೆ ಪದರ ಕಾಣುತ್ತದೆ. ಹಲವು ವರ್ಷ ಬದುಕಿ ಹೊಸ ಪದರ ಕಟ್ಟುತ್ತಾ ಹೋಗುವುದರ ಲಕ್ಷಣ ಅದು. ಹಲಸಿನ ಮರದ ಎತ್ತರದಲ್ಲಿ, ಮುರಿದ ಗೆಲ್ಲಿನ ಕೆಳಗೆ ಇದು ಸಾಮಾನ್ಯ. ಕೊಂಕಣ ಸೀಮೆಯಲ್ಲಿ ಇದಕ್ಕೆ ಫಣಸೊಂಬ ಎಂಬ ಹೆಸರಿದೆ, ಹಲಸಿನ ಅಣಬೆ ಎಂದೇ ಅದರ ಅರ್ಥ. ಮುಂದೆ ಇದರ ಮಾತು ಮತ್ತೆ ಬರುತ್ತದೆ.

ಯಾಜಕಕಾಂಡದ 14ನೆಯ ಅಧ್ಯಾಯವನ್ನು ಓದಿದವರಿಗೆ ನೆನಪಿರಬಹುದು. ಮನೆಯ ಗೋಡೆಯಲ್ಲಿ ಹಸುರು ಅಥವಾ ಕೆಂಪು ಬೂಷ್ಟಿನ ಕಲೆ ಕಂಡರೆ ಯಾಜಕನನ್ನು ಕರೆಯಬೇಕು. ಅವನು ನೋಡಿ, ಮನೆಯನ್ನು ಏಳು ದಿನ ಮುಚ್ಚಿಸಿ, ಮತ್ತೆ ಬಂದು ನೋಡಿ, ಹರಡಿದ್ದರೆ ಆ ಕಲ್ಲುಗಳನ್ನಷ್ಟೇ ತೆಗೆಸಬೇಕು. ಆಮೇಲೂ ಹರಡಿದರೆ ಮಾತ್ರ ಮನೆ ಕೆಡವಬೇಕು. ಬೂಷ್ಟು ನೋಡುವುದೂ ಯಾಜಕನ ಕೆಲಸವಾಗಿತ್ತು! ಆ ವಿಧಿಯಲ್ಲಿ ನಮಗೆ ಹಿಡಿಸುವುದು ಅದರ ತಾಳ್ಮೆ. ಕಲೆ ಕಂಡ ಕೂಡಲೇ ಕೆಡವು ಎಂದಿಲ್ಲ, ಕಂಡೂ ಕಾಣದಂತೆ ಇರು ಎಂದೂ ಇಲ್ಲ.

ಈಗ ನಮ್ಮ ಎರಡು ಮರಗಳು. ಗಂಟೆಗೋಪುರದ ಬದಿಯ ಮಾವಿನಲ್ಲಿ ಇರುವುದು ಫೆಲ್ಲಿನಸ್. ನೆಲದಿಂದ ಸುಮಾರು 20 ಅಡಿ ಮೇಲೆ, ಹಿಂದೊಮ್ಮೆ ಗಾಳಿಗೆ ಮುರಿದ ಗೆಲ್ಲಿನ ಬುಡದಲ್ಲಿ ಎರಡು ಗೊರಸುಗಳಿವೆ. ಕಾಂಡವನ್ನು ಮರದ ಕೊಡತಿಯಿಂದ ಸುತ್ತಲೂ ಬಡಿದರೆ ಗಟ್ಟಿ ಸದ್ದು. ಎಲೆ ದಟ್ಟವಾಗಿದೆ. ಮರದ ಚೇಗು, ಅಂದರೆ ನಡುವಿನ ಬಲಿತ ಭಾಗ, ಹೇಗೂ ಜೀವವಿಲ್ಲದ್ದು. ನೀರು ಸಾಗಿಸುವ ಜೀವಂತ ಭಾಗ ಹೊರಗಿನ ಸುತ್ತಿನಲ್ಲಿದೆ. ಆದುದರಿಂದ ಚೇಗು ಟೊಳ್ಳಾದರೂ ಮರ ದೀರ್ಘಕಾಲ ಬಾಳಬಹುದು. ಟೊಳ್ಳು ಕೊಳವೆಯೂ ಗಟ್ಟಿಯೇ. ಮರಪಂಡಿತರು ಒಂದು ಸ್ಥೂಲ ಲೆಕ್ಕ ಹೇಳುತ್ತಾರೆ: ಸುತ್ತಲಿನ ಗಟ್ಟಿ ಗೋಡೆ ಕಾಂಡದ ತ್ರಿಜ್ಯದ ಮೂರನೆಯ ಒಂದು ಭಾಗದಷ್ಟಾದರೂ ಇರಬೇಕು. 60 ಸೆಂಟಿಮೀಟರ್ ಅಡ್ಡಗಲದ ಕಾಂಡಕ್ಕೆ 10 ಸೆಂಟಿಮೀಟರ್ ಗೋಡೆ. ಒಂದು ಬದಿ ತೆರೆದ ಪೊಟರೆಯಿದ್ದರೆ ಈ ಲೆಕ್ಕ ಸಾಲದು. ಮಾವಿನಲ್ಲಿ ಹಾಗೇನೂ ಇಲ್ಲ. ಅಣಬೆಯಿರುವ ಗೆಲ್ಲಿನ ಭಾರ ಇಳಿಸಿ, ಪ್ರತಿ ಮಳೆಗಾಲದ ಮೊದಲು ಒಮ್ಮೆ ಬಡಿದು ನೋಡಿದರೆ ಸಾಕು. ಆ ಪೊಟರೆಯಲ್ಲಿ ಗೂಬೆಯ ಸಂಸಾರವಿದೆ, ಇರಲಿ.

ಹಲಸಿನ ಕಥೆ ಬೇರೆ. ಅಲ್ಲಿರುವುದು ಹೊಳಪಿನ ಗ್ಯಾನೊಡರ್ಮ, ಅದೂ ನೆಲಮಟ್ಟದಲ್ಲಿ, ಎರಡು ದೊಡ್ಡ ಬೇರುಗಳ ನಡುವೆ. ಸಭಾಭವನದ ಚರಂಡಿಗಾಗಿ ಬೇರು ಕಡಿದ ಬದಿಯಲ್ಲೇ ಎದ್ದಿದೆ. ಅದೇ ಬದಿಯ ತುದಿಗಳಲ್ಲಿ ಎಲೆ ತೆಳುವಾಗಿದೆ, ಸಣ್ಣ ಗೆಲ್ಲುಗಳು ಒಣಗಿವೆ. ಬುಡವನ್ನು ಬಡಿದರೆ ಒಂದು ಕಡೆ ಡೋಲಿನಂತೆ ಸದ್ದು, ಮಣ್ಣು ಸರಿಸಿ ಬೇರಿಗೆ ಸಲಾಕೆ ಚುಚ್ಚಿದರೆ ಹಿಟ್ಟಿಗೆ ಚುಚ್ಚಿದಂತೆ ಒಳಗೆ ಹೋಗುತ್ತದೆ. ಮರ ಮೇಲೆ ಹಸುರಾಗಿರುವಾಗಲೇ ಕೆಳಗೆ ಹಿಡಿತ ಕಳೆದುಕೊಂಡಿದೆ. ಇಂಥ ಮರ ಗೆಲ್ಲು ಉದುರಿಸಿ ಮುನ್ಸೂಚನೆ ಕೊಡಬೇಕೆಂದಿಲ್ಲ. ಜಡಿಮಳೆಗೆ ನೆಲ ಮೆತ್ತಗಾದ ದಿನ, ಒಂದು ಗಾಳಿಗೆ, ಬೇರು ಸಮೇತ ಮಲಗುತ್ತದೆ. ಅದರ ನೆರಳಿನಲ್ಲಿ ಭಾನುವಾರ ಮಕ್ಕಳಿಗೆ ಕ್ರಿಸ್ತೀಯ ಶಿಕ್ಷಣದ ತರಗತಿ ನಡೆಯುತ್ತಿತ್ತು, ಫೆಸ್ತಿನ ದಿನ ಮುದುಕರು ಅಲ್ಲೇ ಕುಳಿತುಕೊಳ್ಳುತ್ತಾರೆ. ನಿರ್ಜನ ಗುಡ್ಡೆಯಲ್ಲಿ ಇದೇ ಮರ ಇದ್ದಿದ್ದರೆ ಬಿಟ್ಟುಬಿಡಿ ಎನ್ನುತ್ತಿದ್ದೆವು. ಅಜ್ಜ ನೆಟ್ಟ ಮರವೆಂಬ ಅಭಿಮಾನ ನಮಗೆ ಅರ್ಥವಾಗುತ್ತದೆ. ಆ ಅಜ್ಜನ ಮರಿಮಕ್ಕಳೇ ಅದರ ಕೆಳಗೆ ಕೂರುವವರು.

ಮದ್ದು ಹಾಕಬಾರದೇ ಎಂದು ಕೇಳಿದವರಿದ್ದಾರೆ. ಒಳಗೆ ಹೊಕ್ಕ ಕೊಳೆಯನ್ನು ತೆಗೆಯುವ ಮದ್ದು ಇಲ್ಲ. ಡಾಂಬರು ಬಳಿಯುವುದರಿಂದ, ಪೊಟರೆಗೆ ಸಿಮೆಂಟು ತುಂಬುವುದರಿಂದ ಪ್ರಯೋಜನವಿಲ್ಲ. ನೀರು ಒಳಗೇ ನಿಂತು ಕೊಳೆ ಹೆಚ್ಚಬಹುದು. ಮಾಡಬಹುದಾದದ್ದು ಮೊದಲೇ ಗಾಯ ತಪ್ಪಿಸುವುದು. ಗೆಲ್ಲು ಕಡಿಯುವಾಗ ಉದ್ದ ಮೊಳೆ ಬಿಡಬೇಡಿ, ಕಾಂಡಕ್ಕೆ ತಾಗಿಸಿಯೂ ಕಡಿಯಬೇಡಿ. ಗೆಲ್ಲಿನ ಬುಡದ ಉಬ್ಬನ್ನು ಉಳಿಸಿ ಅದರ ಹೊರಗೆ ಕಡಿಯಿರಿ. ಮರದ ಬುಡದಲ್ಲಿ ಕಸ ಸುಡಬೇಡಿ. ಕಟ್ಟೆ ಕಟ್ಟಿ ಕಾಂಡದ ಸುತ್ತ ಮಣ್ಣು ಏರಿಸಬೇಡಿ. ಆವರಣ ಗೋಡೆಗೆ ಅಗೆಯುವ ಜೇಸಿಬಿಯವರಿಗೆ ಬೇರಿನ ಮೇಲೆ ಕರುಣೆ ಇರುವುದಿಲ್ಲ, ನೀವೇ ನಿಂತು ಹೇಳಬೇಕು.

ತೆಂಗು ಅಡಿಕೆಗಳು ಸಸ್ಯಶಾಸ್ತ್ರದ ಪ್ರಕಾರ ಹಲಸು ಮಾವಿನ ಗುಂಪಿನವಲ್ಲ. ಆದರೆ ಗ್ಯಾನೊಡರ್ಮಕ್ಕೆ ಆ ಭೇದವಿಲ್ಲ. ಅಡಿಕೆಯಲ್ಲಿ ಇದು ತರುವ ರೋಗಕ್ಕೆ ವಿಜ್ಞಾನದ ಪುಸ್ತಕಗಳಲ್ಲೂ ನಮ್ಮ ಕನ್ನಡದ ಹೆಸರೇ: ಅಣಬೆ ರೋಗ. ಬಟ್ಲರ್ ಎಂಬ ಶಿಲೀಂಧ್ರತಜ್ಞರು ಮೈಸೂರು ಸೀಮೆಯ ಈ ರೋಗದ ಬಗ್ಗೆ 1906ರಲ್ಲೇ ಬರೆದಿದ್ದಾರೆ. ತಮಿಳುನಾಡಿನ ತಂಜಾವೂರಿನಲ್ಲಿ 1952ರ ಚಂಡಮಾರುತದ ಬಳಿಕ ತೆಂಗಿನಲ್ಲಿ ಇದು ಎದ್ದು ಕಂಡಿತು, ಅಲ್ಲಿ ತಂಜಾವೂರು ಸೊರಗು ರೋಗ ಎಂದೇ ಹೆಸರಾಯಿತು. ಹೊರ ಸುತ್ತಿನ ಮಡಲು ಜೋತು ಬೀಳುವುದು, ಬುಡದಿಂದ ಕೆಂಗಂದು ರಸ ಒಸರುವುದು ಮೊದಲ ಲಕ್ಷಣ. ತಟ್ಟೆ ಏಳುವುದು ಕೊನೆಯಲ್ಲಿ. ಬೇರಿಗೆ ಬೇರು ತಾಗಿ, ಹಳೆಯ ಕುತ್ತಿಯಿಂದ ಪಕ್ಕದ ಮರಕ್ಕೆ ಹರಡುತ್ತದೆ. ಆದುದರಿಂದ ಸತ್ತ ಮರವನ್ನು ಕುತ್ತಿ ಸಮೇತ ಕಿತ್ತು ಸುಡಬೇಕು. ರೋಗದ ಮರದ ಸುತ್ತ 60 ಸೆಂಟಿಮೀಟರ್ ಆಳ, 30 ಸೆಂಟಿಮೀಟರ್ ಅಗಲದ ಕಣಿ ತೋಡಬೇಕು. ಅದರ ಬುಡದ ನೀರು ಇನ್ನೊಂದರ ಬುಡಕ್ಕೆ ಹರಿಯಬಾರದು. ವರ್ಷಕ್ಕೆ ತೆಂಗಿಗೆ 5 ಕಿಲೊ, ಅಡಿಕೆಗೆ 2 ಕಿಲೊ ಬೇವಿನ ಹಿಂಡಿಯನ್ನು ಟ್ರೈಕೊಡರ್ಮದೊಂದಿಗೆ ಕೊಡಬಹುದು. ತೋಟದ ಅಂಚಿನಲ್ಲಿ ಹೊಂಗೆ, ಗುಲ್‌ಮೊಹರ್ ಬೇಡ, ಅವೂ ಇದಕ್ಕೆ ಆಶ್ರಯ ಕೊಡುತ್ತವೆ. ಹಿಂದೆ ಬೇರಿಗೆ ಕಟ್ಟುತ್ತಿದ್ದ ಟ್ರೈಡೆಮಾರ್ಫ್ ಎಂಬ ಮದ್ದನ್ನು 2018ರಲ್ಲಿ ಸರಕಾರ ನಿಷೇಧಿಸಿದೆ. ಯಾರಾದರೂ ಹಳೆಯ ದಾಸ್ತಾನು ಕೊಟ್ಟರೆ ಕೊಳ್ಳಬೇಡಿ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದದ್ದರ ಫಲ ಉಂಡ ಜಿಲ್ಲೆ ನಮ್ಮದು, ಹೆಚ್ಚು ಹೇಳಬೇಕಾಗಿಲ್ಲ. ಸಲಹೆ ಬೇಕಾದವರಿಗೆ ಕಾಸರಗೋಡಿನಲ್ಲೇ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. 1916ರಲ್ಲಿ ತೆಂಗಿನ ಸಂಶೋಧನೆಗಾಗಿ ಆರಂಭವಾದ ಕೇಂದ್ರವೇ ಅದು.

ಕೊನೆಗೆ ಆರೋಗ್ಯದ ಮಾತು. ಫಣಸೊಂಬವನ್ನು ಕಲ್ಲಿನಲ್ಲಿ ನೀರಿನೊಂದಿಗೆ ತೇದು ಮಕ್ಕಳ ಬಾಯಿಹುಣ್ಣಿಗೆ, ಜೊಲ್ಲು ಸುರಿಯುವುದಕ್ಕೆ ಹಚ್ಚುವ ಪದ್ಧತಿ ಕೊಂಕಣ ಕರಾವಳಿಯಲ್ಲಿ ಹಿಂದಿನಿಂದ ಇದೆ. ನಮ್ಮ ಹಿರಿಯ ಬಾಯಮ್ಮಂದಿರಲ್ಲಿ ಕೆಲವರು ಈಗಲೂ ಒಂದು ತುಂಡು ಅಡುಗೆಮನೆಯ ಅಟ್ಟದಲ್ಲಿಟ್ಟಿರುತ್ತಾರೆ. ಅವರ ಅನುಭವವನ್ನು ನಾವು ಹಳಿಯುವುದಿಲ್ಲ. ಆದರೆ ಎಳೆಯ ಮಗುವಿನ ಬಾಯಿಯಲ್ಲಿ ಒರೆಸಿದರೆ ಹೋಗದ, ಉಜ್ಜಿದರೆ ಕೆಂಪಾಗುವ ಬಿಳಿ ಪದರ ಕಂಡರೆ ಅದು ಕ್ಯಾಂಡಿಡಾ ಎಂಬ ಇನ್ನೊಂದು ಶಿಲೀಂಧ್ರದ ಸೋಂಕಾಗಿರಬಹುದು. ಅದಕ್ಕೆ ಆಸ್ಪತ್ರೆಯಲ್ಲಿ ಸರಳವಾದ ಹನಿಮದ್ದು ಇದೆ. ಆರು ತಿಂಗಳ ಒಳಗಿನ ಶಿಶುವಿನ ಬಾಯಿಗೆ ಅಟ್ಟದ ಮೇಲೆ ಹಳತಾದ, ಯಾವ ಜಾತಿಯೆಂದು ಗೊತ್ತಿಲ್ಲದ ಅಣಬೆ ಬೇಡ. ದೊಡ್ಡವರಲ್ಲಿ ಅಂಥ ಬಿಳಿ ಪದರ ಮರುಕಳಿಸುತ್ತಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ.

ಇದಕ್ಕಿಂತ ಹೆಚ್ಚು ನೋವಿನ ಸಂಗತಿ ಇನ್ನೊಂದು. ಗ್ಯಾನೊಡರ್ಮದ ಪುಡಿಯನ್ನು ಕ್ಯಾಪ್ಸೂಲಿನಲ್ಲಿ ತುಂಬಿ, ಕ್ಯಾನ್ಸರಿನಿಂದ ಮಂಡಿನೋವಿನವರೆಗೆ ಎಲ್ಲಕ್ಕೂ ಮದ್ದು ಎಂದು ಮನೆಮನೆಗೆ ಮಾರುವವರು ನಮ್ಮ ಊರುಗಳಿಗೂ ಬಂದಿದ್ದಾರೆ. ನಮ್ಮ ವಿಚಾರಣೆಯ ಒಬ್ಬ ಹಿರಿಯರು ಇದನ್ನು ನಂಬಿ ಸಕ್ಕರೆಯ ಮಾತ್ರೆ ನಿಲ್ಲಿಸಿದರು. ಕಾಲಿನ ಗಾಯ ಕೊಳೆತ ಮೇಲೆಯೇ ಮನೆಯವರಿಗೆ ತಿಳಿದದ್ದು. ಚೀನಾ ಜಪಾನುಗಳಲ್ಲಿ ಈ ಅಣಬೆಗೆ ಪುರಾತನ ಗೌರವವಿದೆ, ಸಂಶೋಧನೆಯೂ ನಡೆದಿದೆ. ಆದರೆ ಕ್ಯಾನ್ಸರಿಗೆ ಮುಖ್ಯ ಚಿಕಿತ್ಸೆಯಾಗಿ ಇದನ್ನು ಬಳಸಲು ಸಾಕಷ್ಟು ಆಧಾರವಿಲ್ಲ ಎಂದು ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆ ಹೇಳಿದೆ. ಇದರ ಪುಡಿ ಸೇವಿಸಿದ ಕೆಲವರಿಗೆ ಯಕೃತ್ತು ಕೆಟ್ಟ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿವೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಇದನ್ನು ಮುಟ್ಟಲೇಬಾರದು. ಇನ್ನೂ ಒಂದು ವಿಷಯ: ಬಹಳ ಕಾಲ ಗ್ಯಾನೊಡರ್ಮ ಲೂಸಿಡಮ್ ಎಂಬ ಒಂದೇ ಹೆಸರಿನಲ್ಲಿ ಕರೆದದ್ದು ವಾಸ್ತವದಲ್ಲಿ ಹಲವು ಜಾತಿಗಳೆಂದು ಈಗ ತಿಳಿದಿದೆ. ಚೀನಾದಲ್ಲಿ ಬೆಳೆಸುವ ಜಾತಿಗೆ 2012ರಲ್ಲಿ ಬೇರೆ ಹೆಸರೇ ಇಡಲಾಯಿತು. ಆದುದರಿಂದ ಇಗರ್ಜಿಯ ಹಲಸಿನ ಬುಡದ ಅಣಬೆಯನ್ನು ಕೊಯ್ದು ಕಷಾಯ ಮಾಡುವ ಯೋಚನೆ ಇದ್ದವರು ದಯವಿಟ್ಟು ಬಿಟ್ಟುಬಿಡಿ. ಈಗಾಗಲೇ ಎರಡು ತಟ್ಟೆ ಕಾಣೆಯಾಗಿವೆ.

ಹಲಸಿನ ಸುತ್ತ ಹಗ್ಗ ಕಟ್ಟಲಾಗಿದೆ. ವಾಹನ ನಿಲ್ಲಿಸಬೇಡಿ, ಮಕ್ಕಳನ್ನು ಒಳಗೆ ಬಿಡಬೇಡಿ. ತರಗತಿಗಳು ಸದ್ಯ ಸಭಾಭವನದ ಜಗಲಿಯಲ್ಲಿ ನಡೆಯುತ್ತವೆ. ಬರುವ ಭಾನುವಾರ ಎರಡನೆಯ ಪೂಜೆಯ ಬಳಿಕ ಪಾಲನಾ ಮಂಡಳಿಯ ಸಭೆಯಿದೆ. ಮರವನ್ನು ಕಣ್ಣಾರೆ ನೋಡಬೇಕೆನ್ನುವವರು ಅರ್ಧ ಗಂಟೆ ಮೊದಲು ಬನ್ನಿ, ಕೊಡತಿ ನಮ್ಮ ಬಳಿ ಇದೆ, ನೀವೇ ಬಡಿದು ಕೇಳಬಹುದು. ಕಡಿದ ಜಾಗದಲ್ಲಿ ಕುತ್ತಿ ಕೀಳಿಸಬೇಕು. ಅಲ್ಲಿ ತೆಂಗಿನ ಸಸಿ ನೆಡುವ ಸಲಹೆಯನ್ನು ನಾವು ಒಪ್ಪುವುದಿಲ್ಲ. ರಸ್ತೆ ಬದಿಯ ಅಪಾಯದ ಮರಗಳ ಬಗ್ಗೆ ಪಂಚಾಯತಿಗೆ ಬರೆಯುವವರು ಕನ್ನಡದಲ್ಲೇ ಬರೆಯಿರಿ, ನಮ್ಮ ತಾಲೂಕಿನಲ್ಲಿ ಆ ಹಕ್ಕು ನಮಗಿದೆ. ನಿಮ್ಮ ಮನೆಯ ಮರದ ಅಣಬೆಯನ್ನು ನಮಗೆ ತೋರಿಸಲು ತರುವುದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ಬೆವರಿ ಕೊಳೆಯುತ್ತದೆ. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಯಾವ ಮರ, ನೆಲದಿಂದ ಎಷ್ಟು ಎತ್ತರ ಎಂದು ಒಂದು ಚೀಟಿ ಬರೆದು ತನ್ನಿ.